ವಾಹನಗಳ ಬ್ಯಾಟರಿ ಮತ್ತು ಜಂಪ್ ಸ್ಟಾರ್ಟರ್: ದೋಷ ಪತ್ತೆ, ಸುರಕ್ಷಿತ ಬಳಕೆ ಹಾಗೂ ನಿರ್ವಹಣೆ

(ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ವಾಹನ ಮಾಲೀಕರು ಹಾಗೂ ಅರ್ಹತಾ ಪತ್ರದ ಅರ್ಜಿದಾರರ ಮಾಹಿತಿಗಾಗಿ)

ಪೀಠಿಕೆ

ತಿಪಟೂರು, ತುರುವೇಕೆರೆ ಹಾಗೂ ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ತೆಂಗಿನ ಸೀಮೆಯೆಂದೇ ಪ್ರಸಿದ್ಧವಾಗಿವೆ. ಈ ಭಾಗದ ಟ್ರ್ಯಾಕ್ಟರ್, ಗೂಡ್ಸ್ ಆಟೋ, ಪಿಕಪ್ ಮುಂತಾದ ಅನೇಕ ವಾಹನಗಳ ದುಡಿಮೆಯು ತೆಂಗು ಮತ್ತು ಕೊಬ್ಬರಿಯ ವ್ಯವಹಾರವನ್ನೇ ಅವಲಂಬಿಸಿರುತ್ತದೆ. ಸದರಿ ವ್ಯವಹಾರದ ಸ್ವರೂಪವು ವಾಹನದ ಬ್ಯಾಟರಿಯ ಮೇಲೆ ನೇರ ಪರಿಣಾಮ ಬೀರುತ್ತದೆ ಎಂಬುದನ್ನು ಬಹುತೇಕ ಮಾಲೀಕರು ಗಮನಿಸಿರುವುದಿಲ್ಲ. ತೋಟದಲ್ಲಿ ಕಾಯಿ ಇಳಿಸುವುದು ಒಂದೂವರೆ ಎರಡು ತಿಂಗಳಿಗೊಮ್ಮೆ. ಅಟ್ಟಕ್ಕೆ ಏರಿಸಿದ ಕಾಯಿ ಉಂಡೆ ಕೊಬ್ಬರಿಯಾಗಿ ಮಾರುಕಟ್ಟೆಗೆ ಹೊರಡುವುದು 8ರಿಂದ 12 ತಿಂಗಳ ನಂತರ. ಆದುದರಿಂದ ಸ್ವಂತ ಬಳಕೆಗೆ ಮಾತ್ರ ಇಟ್ಟುಕೊಂಡ ವಾಹನವು ಹಲವು ದಿನ, ಕೆಲವೊಮ್ಮೆ ವಾರಗಟ್ಟಲೆ ಕದಲದೆ ನಿಂತಿದ್ದು, ಒಂದು ದಿನ ಬೆಳಗಿನ ಜಾವ ಏಕಾಏಕಿ ಪೂರ್ಣ ಹೊರೆಯೊಂದಿಗೆ ಹೊರಡಬೇಕಾಗುತ್ತದೆ. ಬ್ಯಾಟರಿ ಕೈಕೊಡುವುದು ಸಾಮಾನ್ಯವಾಗಿ ಆ ಬೆಳಗಿನ ಜಾವದಲ್ಲಿಯೇ.

ಇತ್ತೀಚಿನ ವರ್ಷಗಳಲ್ಲಿ ಕೈಯಲ್ಲಿ ಹಿಡಿಯಬಹುದಾದ ಜಂಪ್ ಸ್ಟಾರ್ಟರ್ ಸಾಧನಗಳು ಸುಲಭವಾಗಿ ದೊರೆಯುತ್ತಿದ್ದು, ಅನೇಕರು ಇವನ್ನು ಖರೀದಿಸಿ ವಾಹನದಲ್ಲಿಯೇ ಇಟ್ಟುಕೊಳ್ಳುತ್ತಿದ್ದಾರೆ. ಸಾಧನವು ಉಪಯುಕ್ತವಾದುದೇ ಸರಿ. ಆದರೆ ಅದು ಎಂಜಿನನ್ನು ಚಾಲನೆಗೊಳಿಸುತ್ತದೆಯೇ ಹೊರತು ಬ್ಯಾಟರಿ ಏಕೆ ಸತ್ತಿತು ಎಂಬುದನ್ನು ತಿಳಿಸುವುದಿಲ್ಲ. ಕಾರಣ ತಿಳಿಯದೆ ಪ್ರತಿದಿನ ಜಂಪ್ ಮಾಡುತ್ತಾ ಹೋದಲ್ಲಿ ಬ್ಯಾಟರಿ, ಡೈನಮೋ ಮತ್ತು ಜಂಪ್ ಸ್ಟಾರ್ಟರ್ ಮೂರೂ ಹಾಳಾಗುತ್ತವೆ. ಇದಕ್ಕಿಂತ ಮುಖ್ಯವಾಗಿ, ತಪ್ಪು ವಿಧಾನದಿಂದ ಕಣ್ಣಿಗೆ ಹಾಗೂ ಜೀವಕ್ಕೆ ಅಪಾಯವಿದೆ. ಈ ಹಿನ್ನೆಲೆಯಲ್ಲಿ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಬ್ಯಾಟರಿಯ ಸ್ಥಿತಿಯನ್ನು ತಿಳಿಯುವ ಕ್ರಮ

ಕಾರು, ಟ್ರ್ಯಾಕ್ಟರ್ ಮತ್ತು ಲಘು ಸರಕು ವಾಹನಗಳಲ್ಲಿ ಸಾಮಾನ್ಯವಾಗಿ 12 ವೋಲ್ಟಿನ ಸೀಸ-ಆಮ್ಲದ ಬ್ಯಾಟರಿ ಇರುತ್ತದೆ. ಇದರಲ್ಲಿ ತಲಾ ಸುಮಾರು 2.1 ವೋಲ್ಟಿನ 6 ಕೋಶಗಳಿದ್ದು, ಪೂರ್ಣ ಚಾರ್ಜ್ ಆದ ಬ್ಯಾಟರಿಯು 12.6ರಿಂದ 12.7 ವೋಲ್ಟ್ ತೋರಿಸುತ್ತದೆ. ದೊಡ್ಡ ಲಾರಿಗಳಲ್ಲಿ ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ 24 ವೋಲ್ಟ್ ಪಡೆಯಲಾಗುತ್ತದೆ. 12 ವೋಲ್ಟಿನ ಜಂಪ್ ಸ್ಟಾರ್ಟರ್ ಅನ್ನು 24 ವೋಲ್ಟಿನ ವಾಹನಕ್ಕೆ ಯಾವುದೇ ಸಂದರ್ಭದಲ್ಲಿ ಜೋಡಿಸತಕ್ಕದ್ದಲ್ಲ.

ವಿದ್ಯುತ್ ಉಪಕರಣಗಳ ಅಂಗಡಿಯಲ್ಲಿ ದೊರೆಯುವ ಸಾಧಾರಣ ಡಿಜಿಟಲ್ ಮೀಟರ್ ಒಂದು ಮನೆಯಲ್ಲಿದ್ದರೆ ಅರ್ಧ ಸಮಸ್ಯೆ ಅಲ್ಲಿಯೇ ಬಗೆಹರಿಯುತ್ತದೆ. ವಾಹನವನ್ನು ನಿಲ್ಲಿಸಿ ಕನಿಷ್ಠ ನಾಲ್ಕೈದು ಗಂಟೆ ಕಳೆದ ನಂತರ, ಸಾಧ್ಯವಾದಲ್ಲಿ ಮರುದಿನ ಬೆಳಿಗ್ಗೆ, ಬ್ಯಾಟರಿಯ ಎರಡು ಟರ್ಮಿನಲ್‌ಗಳ ನಡುವೆ ಅಳತೆ ಮಾಡಬೇಕು. 12.4 ವೋಲ್ಟ್ ಇದ್ದಲ್ಲಿ ಸುಮಾರು ಮುಕ್ಕಾಲು ಭಾಗ, 12.2 ಇದ್ದಲ್ಲಿ ಅರ್ಧ, 12.0 ಇದ್ದಲ್ಲಿ ಕಾಲು ಭಾಗ ಚಾರ್ಜ್ ಉಳಿದಿದೆ ಎಂದು ತಿಳಿಯಬಹುದು. 11.8ಕ್ಕಿಂತ ಕಡಿಮೆ ಇದ್ದರೆ ಬ್ಯಾಟರಿ ಬರಿದಾಗಿದೆ ಎಂದರ್ಥ. 10.5 ವೋಲ್ಟಿನ ಆಸುಪಾಸಿನಲ್ಲಿ ನಿಂತು ಎಷ್ಟು ಚಾರ್ಜ್ ಮಾಡಿದರೂ ಮೇಲೇರದಿದ್ದಲ್ಲಿ ಒಂದು ಕೋಶ ಸತ್ತಿರುವ ಸಂಭವ ಹೆಚ್ಚು. ಅಂತಹ ಬ್ಯಾಟರಿಗೆ ಹಣ ಖರ್ಚು ಮಾಡುವುದು ವ್ಯರ್ಥ.

ನಂತರ ಎಂಜಿನ್ ಚಾಲನೆಯಲ್ಲಿರುವಾಗ ಅದೇ ಸ್ಥಳದಲ್ಲಿ ಅಳತೆ ಮಾಡಬೇಕು. 13.8ರಿಂದ 14.5 ವೋಲ್ಟ್ ಬಂದಲ್ಲಿ ಡೈನಮೋ ಸರಿಯಿದೆ. 13ಕ್ಕಿಂತ ಕೆಳಗೇ ನಿಂತರೆ ಬೆಲ್ಟ್ ಸಡಿಲವಾಗಿದೆ ಅಥವಾ ಡೈನಮೋ ಕೆಟ್ಟಿದೆ. 15ನ್ನು ಮೀರಿದರೆ ಬ್ಯಾಟರಿಯ ನೀರು ಕುದಿದು ಆರುತ್ತಿದೆ ಎಂದೇ ತಿಳಿಯಬೇಕು. ಡೈನಮೋ ಪರೀಕ್ಷಿಸಲು ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ವಯರನ್ನು ಕಿತ್ತು ನೋಡುವ ಪದ್ಧತಿ ಕೆಲವೆಡೆ ಇನ್ನೂ ಇದೆ. ಹಳೆಯ ಟ್ರ್ಯಾಕ್ಟರ್‌ಗಳ ಕಾಲದಲ್ಲಿ ಇದು ನಡೆದುಹೋಗುತ್ತಿತ್ತು. ಈಗಿನ ವಾಹನಗಳಲ್ಲಿ, ವಿಶೇಷವಾಗಿ 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್-6 ಮಾನದಂಡದ ವಾಹನಗಳಲ್ಲಿ, ಹೀಗೆ ಕಿತ್ತ ಕ್ಷಣದಲ್ಲಿ ಏರುವ ವೋಲ್ಟೇಜು ಎಂಜಿನ್ ನಿಯಂತ್ರಣ ಘಟಕವನ್ನೇ ಸುಡಬಲ್ಲದು. ಬ್ಯಾಟರಿಯ ಬೆಲೆಗಿಂತ ಹಲವು ಪಟ್ಟು ನಷ್ಟವುಂಟಾಗುವ ಈ ಪದ್ಧತಿಯನ್ನು ಕೈಬಿಡಲು ಕೋರಲಾಗಿದೆ.

ಶಬ್ದದಿಂದ ದೋಷ ಪತ್ತೆ

ಮೀಟರ್ ಇಲ್ಲದವರು ಕಿವಿಯನ್ನು ನಂಬಬಹುದು. ಕೀ ತಿರುಗಿಸಿದಾಗ ಡ್ಯಾಶ್‌ಬೋರ್ಡಿನ ದೀಪವೇ ಹತ್ತದಿದ್ದಲ್ಲಿ ಮೊದಲು ಟರ್ಮಿನಲ್ಲಿನ ಕ್ಲಾಂಪ್ ಸಡಿಲವಾಗಿದೆಯೇ ಎಂದು ಕೈಯಿಂದ ಅಲುಗಾಡಿಸಿ ನೋಡಬೇಕು, ಬಳಿಕ ಫ್ಯೂಸ್. ಬ್ಯಾಟರಿ ಬದಲಿಸಲು ಹೊರಟವರಿಗೆ ಕೇವಲ ಒಂದು ನಟ್ಟನ್ನು ಬಿಗಿ ಮಾಡಿದೊಡನೆ ವಾಹನ ಸ್ಟಾರ್ಟ್ ಆಗುವ ಪ್ರಸಂಗ ಅಪರೂಪವೇನಲ್ಲ. ಟಿಕ್ ಟಿಕ್ ಎಂದು ವೇಗವಾಗಿ ಶಬ್ದ ಬಂದು ದೀಪಗಳು ಮಂಕಾದಲ್ಲಿ ಬ್ಯಾಟರಿಯಲ್ಲಿ ಚಾರ್ಜ್ ಇಲ್ಲ ಅಥವಾ ಟರ್ಮಿನಲ್ಲಿನಲ್ಲಿ ಕಿಲುಬು ಕಟ್ಟಿದೆ. ಒಂದೇ ಸಲ ಟಕ್ ಎಂದು ಶಬ್ದವಾಗಿ, ಹೆಡ್‌ಲೈಟ್ ಪ್ರಕಾಶಮಾನವಾಗಿಯೇ ಉಳಿದರೆ ದೋಷವಿರುವುದು ಬ್ಯಾಟರಿಯಲ್ಲಲ್ಲ, ಸೆಲ್ಫ್ ಮೋಟರಿನಲ್ಲಿ ಅಥವಾ ಅದರ ಸ್ವಿಚ್ಚಿನಲ್ಲಿ. ಸೆಲ್ಫ್ ನಿಧಾನವಾಗಿ ಏದುಸಿರು ಬಿಟ್ಟಂತೆ ತಿರುಗಿದರೆ ಬ್ಯಾಟರಿ ದುರ್ಬಲವಾಗಿದೆ, ಇಲ್ಲವೇ ಚಾಸಿಗೆ ಹೋಗುವ ಅರ್ತ್ ವಯರ್ ತುಕ್ಕು ಹಿಡಿದಿದೆ. ಸೆಲ್ಫ್ ಚುರುಕಾಗಿ ತಿರುಗಿಯೂ ಎಂಜಿನ್ ಹೊತ್ತಿಕೊಳ್ಳದಿದ್ದಲ್ಲಿ ಅದು ಇಂಧನದ ದೋಷ. ತಿಂಗಳುಗಟ್ಟಲೆ ನಿಂತ ಡೀಸೆಲ್ ವಾಹನಗಳಲ್ಲಿ ಪೈಪಿನಲ್ಲಿ ಗಾಳಿ ಸೇರಿಕೊಂಡಿರುತ್ತದೆ. ಈ ಕೊನೆಯ ಸಂದರ್ಭದಲ್ಲಿ ಜಂಪ್ ಸ್ಟಾರ್ಟರಿನಿಂದ ಯಾವ ಪ್ರಯೋಜನವೂ ಇಲ್ಲ. ಸೆಲ್ಫ್ ಹೊಡೆದು ಹೊಡೆದು ಇದ್ದ ಚಾರ್ಜೂ ಮುಗಿಯುತ್ತದೆ.

ನಿಂತ ವಾಹನದ ಬ್ಯಾಟರಿ ಏಕೆ ಬರಿದಾಗುತ್ತದೆ

ಈ ಪ್ರಶ್ನೆಯನ್ನು ಈ ಭಾಗದ ಮಾಲೀಕರು ಪದೇ ಪದೇ ಕೇಳುತ್ತಾರಾದ್ದರಿಂದ ಸ್ವಲ್ಪ ವಿವರವಾಗಿ ತಿಳಿಸುವುದು ಸೂಕ್ತ. ಗಡಿಯಾರ, ಅಲಾರಂ, ಮ್ಯೂಸಿಕ್ ಸಿಸ್ಟಂ, ವಾಹನದ ಸ್ಥಳ ತಿಳಿಸುವ ಜಿಪಿಎಸ್ ಸಾಧನ ಇವೆಲ್ಲವೂ ಕೀ ತೆಗೆದ ನಂತರವೂ ಅಲ್ಪ ಪ್ರಮಾಣದ ವಿದ್ಯುತ್ತನ್ನು ಬಳಸುತ್ತಿರುತ್ತವೆ. ಈ ಸೋರಿಕೆಯು 50 ಮಿಲಿ ಆಂಪಿಯರ್ ಎಂದಿಟ್ಟುಕೊಂಡರೂ ದಿನವೊಂದಕ್ಕೆ 1.2 ಆಂಪಿಯರ್-ಗಂಟೆ ಖರ್ಚಾಗುತ್ತದೆ. 50 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 20 ದಿನಕ್ಕೆ 24 ಆಂಪಿಯರ್-ಗಂಟೆ, ಅಂದರೆ ಹೆಚ್ಚುಕಡಿಮೆ ಅರ್ಧದಷ್ಟು ಖಾಲಿ. ಇದರ ಜೊತೆಗೆ ಯಾವ ಉಪಕರಣವೂ ಇಲ್ಲದಿದ್ದರೂ ಬ್ಯಾಟರಿಯು ತನ್ನಷ್ಟಕ್ಕೆ ತಾನೇ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಬೇಸಿಗೆಯಲ್ಲಿ ಇನ್ನೂ ಬೇಗ.

ಮೂರನೆಯ ಕಾರಣವು ತೆಂಗಿನ ಸೀಮೆಗೆ ವಿಶೇಷವಾದುದು. ಕಾಯಿ, ನಾರು, ಕೊಬ್ಬರಿ ಸಾಗಿಸುವ ವಾಹನಗಳಲ್ಲಿ ನಾರಿನ ಧೂಳು ಬ್ಯಾಟರಿಯ ಮೇಲ್ಭಾಗದಲ್ಲಿ ಪದರವಾಗಿ ಕೂಡುತ್ತದೆ. ತೆಂಗಿನ ನಾರಿನ ಪುಡಿಗೆ ತೇವ ಹೀರಿ ಹಿಡಿದಿಡುವ ಗುಣವಿದೆ. ಆ ಗುಣಕ್ಕಾಗಿಯೇ ಅದನ್ನು ಸಸಿ ಬೆಳೆಸಲು ಬಳಸಲಾಗುತ್ತದೆ. ಬ್ಯಾಟರಿಯಿಂದ ಚಿಮ್ಮಿದ ಆಮ್ಲದ ಹನಿ ಹಾಗೂ ಇಬ್ಬನಿಯ ತೇವವನ್ನು ಈ ಪದರವು ಹೀರಿಕೊಂಡು, ಎರಡು ಟರ್ಮಿನಲ್‌ಗಳ ನಡುವೆ ವಿದ್ಯುತ್ ಹರಿಯಲು ದಾರಿ ಮಾಡಿಕೊಡುತ್ತದೆ. ಮೀಟರಿನ ಒಂದು ಕಡ್ಡಿಯನ್ನು ಮೈನಸ್ ಟರ್ಮಿನಲ್ಲಿಗೂ ಮತ್ತೊಂದನ್ನು ಬ್ಯಾಟರಿಯ ಪ್ಲಾಸ್ಟಿಕ್ ಮೇಲ್ಮೈಗೂ ತಾಗಿಸಿದಾಗ ವೋಲ್ಟ್ ಕಾಣಿಸಿದರೆ ಸೋರಿಕೆ ಇದೆಯೆಂಬುದು ಖಚಿತ.

ಅರ್ಧಕ್ಕಿಂತ ಕಡಿಮೆ ಚಾರ್ಜಿನಲ್ಲಿ ವಾರಗಟ್ಟಲೆ ನಿಂತ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂಡುತ್ತದೆ. ಅನಂತರ ಪೂರ್ಣ ಚಾರ್ಜ್ ಮಾಡಿದರೂ ಹಿಂದಿನ ಶಕ್ತಿ ಬರುವುದಿಲ್ಲ. ಆದ್ದರಿಂದ ಹದಿನೈದು ದಿನಕ್ಕಿಂತ ಹೆಚ್ಚು ಕಾಲ ವಾಹನ ನಿಲ್ಲುವುದು ಮೊದಲೇ ತಿಳಿದಿದ್ದಲ್ಲಿ, ಮೈನಸ್ ಟರ್ಮಿನಲ್ಲಿನ ವಯರನ್ನು ಬಿಚ್ಚಿಡುವುದು ಉತ್ತಮ. ಸ್ಥಳ ತಿಳಿಸುವ ಸಾಧನ ಕಡ್ಡಾಯವಾಗಿರುವ ವಾಹನಗಳಲ್ಲಿ ಹಾಗೆ ಬಿಚ್ಚುವಂತಿಲ್ಲವಾದ್ದರಿಂದ, ವಾರಕ್ಕೊಮ್ಮೆ ವಾಹನವನ್ನು ಅರ್ಧ ಗಂಟೆಯಾದರೂ ಓಡಿಸಬೇಕು. ನಿಂತಲ್ಲಿಯೇ ಐದು ನಿಮಿಷ ಎಂಜಿನ್ ಹಾಕಿ ಆರಿಸುವುದರಿಂದ ಸೆಲ್ಫ್ ತೆಗೆದುಕೊಂಡ ವಿದ್ಯುತ್ತೂ ಪೂರ್ತಿಯಾಗಿ ಮರಳುವುದಿಲ್ಲ.

ಸ್ವಚ್ಛತೆ ಮತ್ತು ಬ್ಯಾಟರಿ ನೀರು

ಬ್ಯಾಟರಿಯ ಮುಚ್ಚಳಗಳನ್ನು ಭದ್ರಪಡಿಸಿ, ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಬೆರೆಸಿ ಬಟ್ಟೆಯಿಂದ ಮೇಲ್ಭಾಗವನ್ನು ಒರೆಸಿ, ಬಳಿಕ ಶುದ್ಧ ನೀರಿನಿಂದ ಒರೆಸಿ ಒಣಗಿಸಬೇಕು. ಸೋಡಾ ನೀರು ಕೋಶದೊಳಗೆ ಹೋಗಕೂಡದು. ಟರ್ಮಿನಲ್ಲಿನ ಬಿಳಿ ಅಥವಾ ಹಸಿರು ಕಿಲುಬನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಕ್ಲಾಂಪ್ ಬಿಗಿ ಮಾಡಿದ ನಂತರ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಹಚ್ಚಬೇಕು. ಮನೆಯಲ್ಲಿ ಹೇರಳವಾಗಿರುವ ಕೊಬ್ಬರಿ ಎಣ್ಣೆಯನ್ನೇ ಹಚ್ಚಬಹುದಲ್ಲವೇ ಎಂದು ಕೇಳುವವರುಂಟು. ಕೊಬ್ಬರಿ ಎಣ್ಣೆಯು ಸುಮಾರು 24 ಡಿಗ್ರಿ ಸೆಲ್ಷಿಯಸ್‌ನಲ್ಲಿಯೇ ಕರಗುವುದರಿಂದ ಎಂಜಿನಿನ ಬಿಸಿಗೆ ಹರಿದುಹೋಗಿ ಧೂಳನ್ನು ಇನ್ನಷ್ಟು ಅಂಟಿಸಿಕೊಳ್ಳುತ್ತದೆ. ಅದರ ಸ್ಥಾನ ಅಡುಗೆಮನೆಯೇ.

ಮುಚ್ಚಳವಿರುವ ಬ್ಯಾಟರಿಗಳಲ್ಲಿ ನೀರಿನ ಮಟ್ಟವನ್ನು ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ನೋಡಬೇಕು. ಫಲಕಗಳು ಸದಾ ಮುಳುಗಿರಬೇಕು. ಸೇರಿಸಬೇಕಾದುದು ಡಿಸ್ಟಿಲ್ಡ್ ವಾಟರ್ ಮಾತ್ರ. ತುಮಕೂರು ಜಿಲ್ಲೆಯ ಕೊಳವೆಬಾವಿಗಳ ನೀರು ಅನೇಕ ಕಡೆ ಗಡುಸಾಗಿದ್ದು, ಅದರಲ್ಲಿನ ಲವಣಗಳು ಫಲಕಗಳನ್ನು ಕೆಡಿಸುತ್ತವೆ. ಕುಡಿಯುವ ಬಾಟಲಿ ನೀರು, ಫಿಲ್ಟರ್ ನೀರು ಕೂಡ ಸಲ್ಲದು. ಬ್ಯಾಟರಿ ಮಂಕಾಗಿದೆಯೆಂದು ಆಸಿಡ್ ಸೇರಿಸಬಾರದು. ಆರುವುದು ನೀರೇ ಹೊರತು ಆಮ್ಲವಲ್ಲ. ಮುಚ್ಚಳವಿಲ್ಲದ ಬ್ಯಾಟರಿಗಳ ಮೇಲಿರುವ ಹಸಿರು ಕಣ್ಣು ಆರರಲ್ಲಿ ಒಂದು ಕೋಶದ ಸ್ಥಿತಿಯನ್ನು ಮಾತ್ರ ತೋರಿಸುತ್ತದೆ. ಅದು ಹಸಿರಾಗಿದೆ ಎಂದಮಾತ್ರಕ್ಕೆ ಉಳಿದ ಐದರ ಬಗ್ಗೆ ಭರವಸೆ ಇಟ್ಟುಕೊಳ್ಳುವಂತಿಲ್ಲ.

ಜಂಪ್ ಸ್ಟಾರ್ಟರ್ ಎಂದರೇನು, ಏನಲ್ಲ

ಈಗ ಮಾರಾಟವಾಗುತ್ತಿರುವ ಸಣ್ಣ ಜಂಪ್ ಸ್ಟಾರ್ಟರ್‌ಗಳಲ್ಲಿ ಲಿಥಿಯಂ ಕೋಶಗಳಿರುತ್ತವೆ. ಪೆಟ್ಟಿಗೆಯ ಮೇಲೆ 12,000 ಮಿಲಿ ಆಂಪಿಯರ್-ಗಂಟೆ ಎಂದು ಬರೆದಿದ್ದಲ್ಲಿ, ಅದು ಸಾಮಾನ್ಯವಾಗಿ ಒಂದು ಕೋಶದ 3.7 ವೋಲ್ಟಿನ ಲೆಕ್ಕ. ಎರಡನ್ನೂ ಗುಣಿಸಿದರೆ ಸುಮಾರು 44 ವಾಟ್-ಗಂಟೆ ಆಗುತ್ತದೆ. ಟ್ರ್ಯಾಕ್ಟರಿನ 75 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಇರುವುದು 900 ವಾಟ್-ಗಂಟೆ. ಅಂದರೆ ಇಪ್ಪತ್ತರಲ್ಲಿ ಒಂದು ಪಾಲು. ಸದರಿ ಸಾಧನವು ಕೆಲವು ಕ್ಷಣ ದೊಡ್ಡ ಪ್ರಮಾಣದ ಕರೆಂಟನ್ನು ಕೊಟ್ಟು ಸೆಲ್ಫ್ ತಿರುಗಿಸಬಲ್ಲದು. ಬ್ಯಾಟರಿಯನ್ನು ಚಾರ್ಜ್ ಮಾಡಲಾರದು. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಮುದ್ರಿಸಿದ ಗರಿಷ್ಠ ಆಂಪಿಯರ್ ಸಂಖ್ಯೆಯು ಕಣ್ಣು ಮಿಟುಕಿಸುವಷ್ಟು ಕಾಲದ್ದು. ಖರೀದಿಸುವಾಗ ನೋಡಬೇಕಾದುದು ಎಷ್ಟು ಲೀಟರಿನ ಪೆಟ್ರೋಲ್ ಎಂಜಿನ್, ಎಷ್ಟು ಲೀಟರಿನ ಡೀಸೆಲ್ ಎಂಜಿನ್ ಎಂಬ ಸೂಚನೆಯನ್ನು. ಒಂದೇ ಗಾತ್ರದ ಎಂಜಿನ್ ಆದರೂ ಡೀಸೆಲ್‌ಗೆ ಹೆಚ್ಚಿನ ಶಕ್ತಿ ಬೇಕು. ಕಾರಿಗೆಂದು ಕೊಂಡ ಸಾಧನದಿಂದ ಟ್ರ್ಯಾಕ್ಟರ್ ಸ್ಟಾರ್ಟ್ ಆಗಲಿಲ್ಲವೆಂದರೆ ಸಾಧನದ ದೋಷವಲ್ಲ.

ಜಂಪ್ ಮಾಡುವ ಮುನ್ನ: ಸ್ಥಳದ ಆಯ್ಕೆ

ಸೀಸ-ಆಮ್ಲದ ಬ್ಯಾಟರಿಯು ಚಾರ್ಜ್ ಆಗುವಾಗ ಜಲಜನಕ ಅನಿಲ ಹೊರಬರುತ್ತದೆ. ಗಾಳಿಯಲ್ಲಿ ಇದರ ಪ್ರಮಾಣ ಶೇ. 4 ಮೀರಿದರೆ ಒಂದು ಕಿಡಿ ಸಾಕು, ಬ್ಯಾಟರಿ ಸಿಡಿದು ಆಮ್ಲ ಮುಖಕ್ಕೆ ಎರಚುತ್ತದೆ. ಬ್ಯಾಟರಿಯ ಬಳಿ ಬೀಡಿ, ಸಿಗರೇಟು, ಬೆಂಕಿಕಡ್ಡಿ ಬೇಡವೆಂಬುದಕ್ಕೆ ಇದೇ ಕಾರಣ. ನಸುಕಿನಲ್ಲಿ ನೀರಿನ ಮಟ್ಟ ನೋಡಲು ಬೆಂಕಿಕಡ್ಡಿ ಗೀರುವುದಂತೂ ಆತ್ಮಘಾತುಕ; ಮೊಬೈಲಿನ ಟಾರ್ಚ್ ಬಳಸಿರಿ.

ತೆಂಗಿನ ಸಿಪ್ಪೆಯ ರಾಶಿ, ನಾರಿನ ಹೊರೆ, ಒಣ ಗರಿ, ಕೊಬ್ಬರಿ ಶೆಡ್ಡು ಇವುಗಳ ಪಕ್ಕದಲ್ಲಿ ಜಂಪ್ ಮಾಡಕೂಡದು. ಒಣ ನಾರಿಗೆ ತಗುಲಿದ ಕಿಡಿ ಹೊರಗೆ ಕಾಣದೆ ಒಳಗೊಳಗೇ ಕನಲುತ್ತಿದ್ದು, ವಾಹನ ಹೊರಟುಹೋದ ಮೇಲೆ ಹೊತ್ತಿಕೊಳ್ಳಬಹುದು. ಅಟ್ಟದಲ್ಲಿರುವುದು ಕುಟುಂಬದ ವರ್ಷದ ದುಡಿಮೆ ಎಂಬುದನ್ನು ನೆನಪಿಸಬೇಕಾಗಿಲ್ಲ. ವಾಹನವು ಅಂತಹ ಶೆಡ್ಡಿನಲ್ಲಿಯೇ ನಿಂತಿದ್ದಲ್ಲಿ, ನ್ಯೂಟ್ರಲ್ ಮಾಡಿ ನಾಲ್ಕು ಜನ ಸೇರಿ ಬಯಲಿಗೆ ತಳ್ಳಿ ತಂದು ಅನಂತರ ಮುಂದುವರಿಯಬೇಕು. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಹೊಗೆಯಿಂದ ಉಸಿರುಗಟ್ಟುವ ಅಪಾಯವೂ ಇದೆ.

ಬ್ಯಾಟರಿಯ ಕವಚ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತಿದ್ದರೆ ಅದಕ್ಕೆ ಜಂಪ್ ಮಾಡಲೇಬಾರದು.

ಜೋಡಿಸುವ ಮತ್ತು ಬಿಚ್ಚುವ ಕ್ರಮ

ಎಲ್ಲ ದೀಪ, ಫ್ಯಾನ್, ಮ್ಯೂಸಿಕ್ ಆರಿಸಿ, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡ್ ಬ್ರೇಕ್ ಎಳೆದಿರಬೇಕು. ಕೈಯ ಉಂಗುರ, ಬಳೆ, ಲೋಹದ ವಾಚ್ ತೆಗೆದಿಡಬೇಕು. ಜಂಪ್ ಸ್ಟಾರ್ಟರಿನ ಕೆಂಪು ಕ್ಲಿಪ್ಪನ್ನು ಬ್ಯಾಟರಿಯ ಪ್ಲಸ್ ಟರ್ಮಿನಲ್ಲಿಗೆ ಮೊದಲು ಹಾಕಿ, ಕಪ್ಪು ಕ್ಲಿಪ್ಪನ್ನು ಬ್ಯಾಟರಿಯಿಂದ ದೂರದ, ಬಣ್ಣವಿಲ್ಲದ ಎಂಜಿನ್ ಲೋಹಕ್ಕೆ ಅಥವಾ ತಯಾರಕರು ಗುರುತಿಸಿದ ಅರ್ತ್ ಬೋಲ್ಟಿಗೆ ಹಾಕಬೇಕು. ಕಪ್ಪು ಕ್ಲಿಪ್ಪನ್ನು ನೇರವಾಗಿ ಬ್ಯಾಟರಿಯ ಮೈನಸ್ಸಿಗೆ ಹಾಕದಿರುವುದರ ಉದ್ದೇಶ ಕಡೆಯ ಕಿಡಿಯನ್ನು ಅನಿಲದಿಂದ ದೂರವಿಡುವುದೇ ಆಗಿದೆ. ಕೆಲವು ಸಾಧನಗಳ ಕೈಪಿಡಿಯಲ್ಲಿ ಬೇರೆ ಕ್ರಮ ಸೂಚಿಸಿದ್ದಲ್ಲಿ ಕೈಪಿಡಿಯನ್ನೇ ಅನುಸರಿಸಬೇಕು.

ಹಸಿರು ದೀಪ ಬಂದ ಮೇಲೆ ಸೆಲ್ಫ್ ಹೊಡೆಯಬಹುದು. ಒಂದು ಸಲಕ್ಕೆ ಐದು ಸೆಕೆಂಡಿಗಿಂತ ಹೆಚ್ಚು ಬೇಡ. ಸ್ಟಾರ್ಟ್ ಆಗದಿದ್ದಲ್ಲಿ ಒಂದು ನಿಮಿಷ ಬಿಡುವು ಕೊಡಬೇಕು. ಮೂರು ಸಲ ಯತ್ನಿಸಿಯೂ ಆಗದಿದ್ದಲ್ಲಿ ನಿಲ್ಲಿಸಿ, ಕ್ಲಿಪ್ಪಿನ ಹಿಡಿತ ಹಾಗೂ ಕಿಲುಬನ್ನು ಪರಿಶೀಲಿಸಬೇಕು. ಎಂಜಿನ್ ಚಾಲನೆಯಾದ ಅರ್ಧ ನಿಮಿಷದೊಳಗೆ ಮೊದಲು ಕಪ್ಪು, ನಂತರ ಕೆಂಪು ಕ್ಲಿಪ್ಪನ್ನು ತೆಗೆಯಬೇಕು. ಇನ್ನೊಂದು ವಾಹನದ ಬ್ಯಾಟರಿಯಿಂದ ಕೇಬಲ್ ಮೂಲಕ ಜಂಪ್ ಮಾಡುವವರು ಸತ್ತ ಬ್ಯಾಟರಿಯ ಪ್ಲಸ್, ಒಳ್ಳೆಯ ಬ್ಯಾಟರಿಯ ಪ್ಲಸ್, ಒಳ್ಳೆಯ ಬ್ಯಾಟರಿಯ ಮೈನಸ್, ಕೊನೆಗೆ ಸತ್ತ ವಾಹನದ ಎಂಜಿನ್ ಲೋಹ ಎಂಬ ಕ್ರಮದಲ್ಲಿ ಜೋಡಿಸಿ, ಹಿಮ್ಮುಖವಾಗಿ ಬಿಚ್ಚತಕ್ಕದ್ದು. ಎರಡು ವಾಹನಗಳ ಮೈ ಪರಸ್ಪರ ತಾಗಿರಬಾರದು.

ಸ್ಕ್ರೂಡ್ರೈವರ್ ಮತ್ತು ಇಳಿಜಾರು

ಈ ಎರಡು ರೂಢಿಗಳ ಬಗ್ಗೆ ಪ್ರತ್ಯೇಕವಾಗಿ ಹೇಳುವುದು ಅನಿವಾರ್ಯವಾಗಿದೆ. ಸೆಲ್ಫ್ ಮೋಟರಿನ ಎರಡು ಬೋಲ್ಟುಗಳ ನಡುವೆ ಸ್ಕ್ರೂಡ್ರೈವರ್ ಅಥವಾ ಸ್ಪ್ಯಾನರ್ ತಾಗಿಸಿ ಟ್ರ್ಯಾಕ್ಟರ್ ಸ್ಟಾರ್ಟ್ ಮಾಡುವುದನ್ನು ಅನೇಕ ಚಾಲಕರು ಜಾಣತನವೆಂದು ಭಾವಿಸಿದ್ದಾರೆ. ಗೇರಿನಲ್ಲಿದ್ದಾಗ ಅಥವಾ ಕ್ಲಚ್ ಒತ್ತದಿದ್ದಾಗ ಎಂಜಿನ್ ಸ್ಟಾರ್ಟ್ ಆಗದಂತೆ ತಡೆಯುವ ಸುರಕ್ಷಾ ಸ್ವಿಚ್ ಅನೇಕ ಟ್ರ್ಯಾಕ್ಟರ್‌ಗಳಲ್ಲಿ ಇರುತ್ತದೆ. ಸ್ಕ್ರೂಡ್ರೈವರ್ ಇಟ್ಟಾಗ ಈ ಸ್ವಿಚ್ಚನ್ನು ಬಳಸು ದಾರಿಯಲ್ಲಿ ದಾಟಿದಂತಾಗುತ್ತದೆ. ಗೇರಿನಲ್ಲಿರುವ ಟ್ರ್ಯಾಕ್ಟರ್ ಹಾಗೆ ಸ್ಟಾರ್ಟ್ ಆದರೆ ತಕ್ಷಣ ಮುಂದೆ ಚಲಿಸುತ್ತದೆ; ಸ್ಕ್ರೂಡ್ರೈವರ್ ಹಿಡಿದವರು ನಿಂತಿರುವುದು ಹಿಂದಿನ ದೊಡ್ಡ ಚಕ್ರದ ಎದುರಿಗೇ. ಚಾಲಕನ ಆಸನದಲ್ಲಿ ಯಾರೂ ಇರುವುದಿಲ್ಲವಾದ್ದರಿಂದ ನಿಲ್ಲಿಸುವವರೂ ಇಲ್ಲ. ಈ ರೀತಿಯ ಸಾವುಗಳು ದಾಖಲಾಗಿವೆ. ಟ್ರ್ಯಾಕ್ಟರನ್ನು ಯಾವಾಗಲೂ ಆಸನದಲ್ಲಿ ಕುಳಿತೇ ಸ್ಟಾರ್ಟ್ ಮಾಡಬೇಕು. ಜಂಪ್ ಸ್ಟಾರ್ಟರನ್ನು ಕೂಡ ಬ್ಯಾಟರಿಗೇ ಜೋಡಿಸಬೇಕೇ ಹೊರತು ಸೆಲ್ಫ್ ಮೋಟರಿಗೆ ನೇರವಾಗಿ ಅಲ್ಲ.

ಬ್ಯಾಟರಿ ದುರ್ಬಲವಾಗಿದೆಯೆಂದು ರಾತ್ರಿ ವಾಹನವನ್ನು ಕೆರೆ ಏರಿಯ ಇಳಿಜಾರಿನಲ್ಲಿಯೋ ದಿಬ್ಬದ ಮೇಲೆಯೋ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಬೆಳಿಗ್ಗೆ ಕಲ್ಲು ಸರಿಸಿ ಉರುಳಿಸಿ ಸ್ಟಾರ್ಟ್ ಮಾಡುವುದು ಎರಡನೆಯ ರೂಢಿ. ಕಲ್ಲು ಸರಿಸುವವರು ಮಕ್ಕಳಾಗಿರುವುದನ್ನೂ ಕಾಣಬಹುದು. ಎಂಜಿನ್ ಹೊತ್ತಿಕೊಳ್ಳುವವರೆಗೆ ಪವರ್ ಸ್ಟೀರಿಂಗ್ ಹಾಗೂ ಬ್ರೇಕಿನ ಬೂಸ್ಟರ್ ಕೆಲಸ ಮಾಡುವುದಿಲ್ಲ. ಒಂದು ಬ್ಯಾಟರಿಯ ಬೆಲೆಯನ್ನು ಉಳಿಸಲು ಈ ಅಪಾಯ ಅನಗತ್ಯ.

ಜಂಪ್ ಸ್ಟಾರ್ಟರ್ ಕೆಲಸ ಮಾಡದಿದ್ದಲ್ಲಿ

ಕ್ಲಿಪ್ ಹಾಕಿದೊಡನೆ ಕೆಂಪು ದೀಪದೊಂದಿಗೆ ಬೀಪ್ ಶಬ್ದ ಬಂದರೆ ಪ್ಲಸ್-ಮೈನಸ್ ಅದಲುಬದಲಾಗಿದೆ. ಹಳೆಯ ಬ್ಯಾಟರಿಗಳಲ್ಲಿ ಗುರುತು ಅಳಿಸಿಹೋಗಿದ್ದಲ್ಲಿ ಪ್ಲಸ್ ಕಂಬವು ಮೈನಸ್ ಕಂಬಕ್ಕಿಂತ ಸ್ವಲ್ಪ ದಪ್ಪವಾಗಿರುವುದನ್ನು ಗಮನಿಸಬಹುದು. ಯಾವ ದೀಪವೂ ಬಾರದಿದ್ದಲ್ಲಿ ವಾಹನದ ಬ್ಯಾಟರಿಯು ಎಷ್ಟು ಬರಿದಾಗಿದೆಯೆಂದರೆ ಸಾಧನಕ್ಕೆ ಅದು ಇದೆಯೆಂಬುದೇ ತಿಳಿಯುತ್ತಿಲ್ಲ. ಅಂತಹ ಸಂದರ್ಭಕ್ಕಾಗಿ ಕೆಲವು ಸಾಧನಗಳಲ್ಲಿ ಬೂಸ್ಟ್ ಎಂಬ ಗುಂಡಿ ಇರುತ್ತದೆ. ಅದನ್ನು ಒತ್ತಿದಾಗ ಅನೇಕ ಸಾಧನಗಳಲ್ಲಿ ತಿರುಗುಮುರುಗು ಜೋಡಣೆಯ ರಕ್ಷಣೆಯೂ ಸ್ಥಗಿತಗೊಳ್ಳುವುದರಿಂದ, ಕೆಂಪು-ಕಪ್ಪು ಕ್ಲಿಪ್ಪುಗಳನ್ನು ಎರಡು ಬಾರಿ ಪರಿಶೀಲಿಸದೆ ಒತ್ತಬಾರದು.

ಸೆಲ್ಫ್ ಅರ್ಧ ತಿರುಗಿ ನಿಂತು ಸಾಧನವೇ ಆರಿಹೋದರೆ ಅದರ ಚಾರ್ಜ್ ಅರ್ಧಕ್ಕಿಂತ ಕಡಿಮೆ ಇದೆ, ಅಥವಾ ಸತತ ಯತ್ನದಿಂದ ಬಿಸಿಯಾಗಿದೆ. ನೆರಳಿನಲ್ಲಿ ಕಾಲು ಗಂಟೆ ಬಿಡಬೇಕು. ಜಂಪ್ ಮಾಡಿದ ಕೂಡಲೇ ಬಿಸಿಯಾಗಿರುವಾಗಲೇ ಅದನ್ನು ಚಾರ್ಜಿಗೆ ಹಾಕಕೂಡದು. ಜಂಪ್‌ನಿಂದ ಸ್ಟಾರ್ಟ್ ಆದ ವಾಹನವು ಒಂದು ಗಂಟೆ ಓಡಿದ ಮೇಲೂ ಮರುದಿನ ಸ್ಟಾರ್ಟ್ ಆಗದಿದ್ದಲ್ಲಿ, ಮತ್ತೆ ಜಂಪ್ ಮಾಡುವುದರ ಬದಲು ಮೇಲೆ ತಿಳಿಸಿದ ವೋಲ್ಟ್ ಅಳತೆಗಳನ್ನು ಮಾಡಿಸಿ ಡೈನಮೋ, ಸೋರಿಕೆ, ಬ್ಯಾಟರಿ ಈ ಮೂರರಲ್ಲಿ ದೋಷ ಯಾವುದರಲ್ಲಿದೆ ಎಂದು ನಿರ್ಧರಿಸಬೇಕು. ಬರಿದಾದ ಬ್ಯಾಟರಿಯನ್ನು ಡೈನಮೋದಿಂದಲೇ ತುಂಬಿಸಲು ಹೋಗದೆ, ಅಂಗಡಿಯ ಚಾರ್ಜರಿನಲ್ಲಿ ನಿಧಾನವಾಗಿ ಪೂರ್ಣ ಚಾರ್ಜ್ ಮಾಡಿಸುವುದು ಎರಡಕ್ಕೂ ಹಿತ.

ಸಾಧನವನ್ನು ಮೂರು ತಿಂಗಳಿಗೊಮ್ಮೆ ಚಾರ್ಜ್ ಮಾಡಬೇಕು. ಕೊಂಡು ತಂದು ಸೀಟಿನ ಕೆಳಗೆ ಹಾಕಿ ಒಂದು ವರ್ಷ ಮರೆತವರಿಗೆ ಅದು ಅಗತ್ಯದ ದಿನ ಖಾಲಿಯಾಗಿಯೇ ಸಿಗುತ್ತದೆ. ಬಿಸಿಲಿನಲ್ಲಿ ನಿಂತ ಮುಚ್ಚಿದ ಕ್ಯಾಬಿನ್ನಿನೊಳಗಿನ ಉಷ್ಣಾಂಶವು ಹೊರಗಿನದಕ್ಕಿಂತ ಬಹಳ ಹೆಚ್ಚಾಗಿರುತ್ತದೆ. ಗಾಜಿನ ಕೆಳಗಿನ ಡ್ಯಾಶ್‌ಬೋರ್ಡ್ ಅಂತೂ ಕೈಯಿಡಲಾಗದಷ್ಟು ಕಾಯುತ್ತದೆ. ಲಿಥಿಯಂ ಕೋಶಗಳಿಗೆ ಇದು ಮಾರಕ. ಫೆಬ್ರವರಿಯಿಂದ ಮೇ ವರೆಗೆ ಸಾಧನವನ್ನು ಮನೆಯೊಳಗಿಟ್ಟು, ಪ್ರಯಾಣದ ದಿನ ಮಾತ್ರ ಒಯ್ಯುವುದು ಸೂಕ್ತ. ಚಾರ್ಜಿಗೆ ಹಾಕುವುದಾದಲ್ಲಿ ಸಿಮೆಂಟ್ ನೆಲ ಅಥವಾ ಕಡಪಾ ಕಲ್ಲಿನ ಮೇಲೆ, ಯಾರಾದರೂ ಎಚ್ಚರವಿರುವಾಗ ಹಾಕಬೇಕು. ನಾರಿನ ಹಾಸಿಗೆ, ಚಾಪೆ, ಕೊಬ್ಬರಿ ಅಟ್ಟದ ಮೇಲಿನ ಪ್ಲಗ್ಗು ಇವು ತಕ್ಕ ಸ್ಥಳಗಳಲ್ಲ. ಚಾರ್ಜರ್ ಬಿಐಎಸ್ ಗುರುತು ಹೊಂದಿರಬೇಕು. ಸಾಧನವು ಉಬ್ಬಿದ್ದರೆ, ಸಿಹಿಯಾದ ರಾಸಾಯನಿಕ ವಾಸನೆ ಬಂದರೆ, ಬಳಸದೆಯೇ ಬಿಸಿಯಾದರೆ ತಕ್ಷಣ ಬಳಕೆ ನಿಲ್ಲಿಸಿ ಮನೆಯಿಂದ ಹೊರಗೆ ಬಯಲಿನಲ್ಲಿಡಬೇಕು. ಚುಚ್ಚಿ ಗಾಳಿ ತೆಗೆಯುವ ಪ್ರಯತ್ನ ಮಾಡಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ.

ಆಮ್ಲ ತಗುಲಿದಾಗ

ಕಣ್ಣಿಗೆ ಆಮ್ಲ ಬಿದ್ದಲ್ಲಿ ಉಜ್ಜದೆ, ರೆಪ್ಪೆ ಬಿಡಿಸಿ ಹಿಡಿದು ಶುದ್ಧ ನೀರನ್ನು ಕನಿಷ್ಠ 20 ನಿಮಿಷ ಎಡೆಬಿಡದೆ ಹರಿಸಬೇಕು. ಆಸ್ಪತ್ರೆಗೆ ಹೊರಡುವ ಆತುರದಲ್ಲಿ ತೊಳೆಯುವುದನ್ನು ಬಿಟ್ಟರೆ ದೃಷ್ಟಿ ಹೋಗುವುದು ದಾರಿಯಲ್ಲಿಯೇ. ತೊಳೆಯುತ್ತಿರುವಾಗಲೇ ಮತ್ತೊಬ್ಬರು 108ಕ್ಕೆ ಕರೆ ಮಾಡಲಿ. ಎಣ್ಣೆ, ಹಾಲು, ಸೋಡಾ ನೀರು ಕಣ್ಣಿಗೆ ಹಾಕಬಾರದು. ಬಟ್ಟೆಯ ಮೇಲೆ ಬಿದ್ದಿದ್ದರೆ ಬಟ್ಟೆ ತೆಗೆದು ಚರ್ಮವನ್ನು ತೊಳೆಯಬೇಕು. ಬ್ಯಾಟರಿಯ ಕೆಲಸಕ್ಕೆ ಮುನ್ನ ಒಂದು ಬಿಂದಿಗೆ ನೀರು ಪಕ್ಕದಲ್ಲಿರಲಿ.

ಅರ್ಹತಾ ಪತ್ರಕ್ಕಾಗಿ ವಾಹನ ತರುವವರಿಗೆ

ಮೋಟಾರು ವಾಹನಗಳ ಅಧಿನಿಯಮ 1988ರ ಪ್ರಕರಣ 56ರಂತೆ ಸಾರಿಗೆ ವಾಹನಗಳಿಗೆ ಅರ್ಹತಾ ಪತ್ರ ಅಗತ್ಯವಾಗಿರುತ್ತದೆ. ಕೇಂದ್ರ ಮೋಟಾರು ವಾಹನಗಳ ನಿಯಮಗಳು 1989ರ ನಿಯಮ 62ರ ಪ್ರಕಾರ 8 ವರ್ಷಗಳವರೆಗಿನ ವಾಹನಕ್ಕೆ 2 ವರ್ಷಕ್ಕೊಮ್ಮೆ, ಅದಕ್ಕಿಂತ ಹಳೆಯ ವಾಹನಕ್ಕೆ ಪ್ರತಿ ವರ್ಷ ನವೀಕರಣವಾಗಬೇಕು. ಪರಿಶೀಲನೆಯಲ್ಲಿ ಹೆಡ್‌ಲೈಟ್, ಬ್ರೇಕ್ ದೀಪ, ಇಂಡಿಕೇಟರ್, ಹಾರ್ನ್, ವೈಪರ್ ಇತ್ಯಾದಿಗಳನ್ನು ನೋಡಲಾಗುತ್ತದೆ. ಇವೆಲ್ಲವೂ ಬ್ಯಾಟರಿ ಮತ್ತು ಡೈನಮೋವನ್ನು ಅವಲಂಬಿಸಿವೆ. ಹುಳಿಯಾರು, ಮಾಯಸಂದ್ರ, ನೊಣವಿನಕೆರೆಗಳಿಂದ ವಾಹನ ತರುವವರು ಜಂಪ್ ಮಾಡಿಕೊಂಡು ಹೊರಟು, ಸರದಿಯಲ್ಲಿ ಎಂಜಿನ್ ಆರಿಸಿದ ಮೇಲೆ ಮತ್ತೆ ಸ್ಟಾರ್ಟ್ ಆಗದೆ, ನಿಗದಿತ ದಿನವನ್ನೂ ಬಾಡಿಗೆಯನ್ನೂ ಕಳೆದುಕೊಳ್ಳುವುದು ಬೇಡ. ಎರಡು ದಿನ ಮುಂಚಿತವಾಗಿ, ಎಂಜಿನ್ ಆರಿಸಿಟ್ಟು ಹೆಡ್‌ಲೈಟನ್ನು 5 ನಿಮಿಷ ಹಾಕಿ, ಅನಂತರ ಸೆಲ್ಫ್ ಹೊಡೆದು ನೋಡಿರಿ. ಚುರುಕಾಗಿ ಸ್ಟಾರ್ಟ್ ಆದರೆ ಸಾಕು. ಬ್ಯಾಟರಿಯನ್ನು ಅದರ ಚೌಕಟ್ಟಿನಲ್ಲಿ ಕಬ್ಬಿಣದ ಪಟ್ಟಿಯಿಂದ ಬಿಗಿದಿರಬೇಕು. ತೆಂಗಿನ ಹಗ್ಗದಿಂದ ಕಟ್ಟಿದ ಬ್ಯಾಟರಿ ಹಳ್ಳದಿಣ್ಣೆಯಲ್ಲಿ ಕುಣಿದು ಫಲಕಗಳು ಉದುರುತ್ತವೆ.

ಹಳೆಯ ಬ್ಯಾಟರಿಯ ವಿಲೇವಾರಿ

2001ರ ಬ್ಯಾಟರಿ ನಿಯಮಗಳ ಸ್ಥಾನದಲ್ಲಿ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು 2022ರ ಆಗಸ್ಟ್‌ನಲ್ಲಿ ಜಾರಿಗೆ ಬಂದಿವೆ. ಇದರನ್ವಯ ಬಳಕೆದಾರರು ಹಳೆಯ ಬ್ಯಾಟರಿಯನ್ನು ಇತರ ಕಸದೊಂದಿಗೆ ಬೆರೆಸದೆ, ಸಂಗ್ರಹಣೆ ಅಥವಾ ಮರುಬಳಕೆಯಲ್ಲಿ ತೊಡಗಿರುವವರಿಗೆ ಒಪ್ಪಿಸಬೇಕು. ಹೊಸ ಬ್ಯಾಟರಿ ಕೊಳ್ಳುವ ಅಂಗಡಿಯಲ್ಲಿಯೇ ಹಳೆಯದನ್ನು ಕೊಟ್ಟು ಬೆಲೆಯಲ್ಲಿ ಕಡಿತ ಪಡೆಯುವುದು ಸರಳ ಮಾರ್ಗ. ರಸೀದಿ ಪಡೆಯಲು ಮರೆಯದಿರಿ.

ಊರೂರು ತಿರುಗುವ ಗುಜರಿಯವರು ಕೆಲವೊಮ್ಮೆ ನೂರಿನ್ನೂರು ರೂಪಾಯಿ ಹೆಚ್ಚು ಕೊಡುತ್ತಾರೆ. ಅಂತಹ ಬ್ಯಾಟರಿಗಳು ಬಯಲಿನಲ್ಲಿ ಒಡೆಯಲ್ಪಟ್ಟು, ಆಮ್ಲವು ಮಣ್ಣಿಗೆ ಹರಿದು, ಸೀಸವು ತೆರೆದ ಒಲೆಯಲ್ಲಿ ಕರಗುವ ಸಂಭವವಿರುತ್ತದೆ. ಸೀಸವು ಮಣ್ಣಿನಿಂದ ತಾನಾಗಿ ಹೋಗುವುದಿಲ್ಲ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸವಿದ್ದರೆ ಅಪಾಯವಿಲ್ಲ ಎನ್ನಬಹುದಾದ ಮಟ್ಟವೇ ತಿಳಿದುಬಂದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟಪಡಿಸಿದೆ. ಅದು ಬುದ್ಧಿಯ ಬೆಳವಣಿಗೆಯನ್ನೇ ಕುಂಠಿತಗೊಳಿಸುತ್ತದೆ. ದೇಶದಲ್ಲಿ ಸೀಸಯುಕ್ತ ಪೆಟ್ರೋಲನ್ನು 2000ದಲ್ಲಿಯೇ ಕೈಬಿಡಲಾಯಿತು. ಹಳ್ಳಿಯ ಅಂಗಳಕ್ಕೆ ಸೀಸ ಬರುವ ದಾರಿಗಳಲ್ಲಿ ಒಡೆದ ಬ್ಯಾಟರಿ ಈಗಲೂ ಉಳಿದಿದೆ. ಹಳೆಯ ಬ್ಯಾಟರಿಯ ಆಮ್ಲವನ್ನು ತೋಟದ ಬದುವಿನಲ್ಲಿ ಅಥವಾ ಬಾವಿಯ ಬಳಿ ಸುರಿಯಬಾರದು, ಸೀಸದ ಫಲಕಗಳನ್ನು ಮನೆಯಲ್ಲಿ ಕರಗಿಸಬಾರದು. ಅಂಗಡಿಗೆ ಒಯ್ಯುವಾಗ ಬ್ಯಾಟರಿಯನ್ನು ನೆಟ್ಟಗೆ ಇಟ್ಟು, ಟರ್ಮಿನಲ್‌ಗಳಿಗೆ ಟೇಪ್ ಸುತ್ತಬೇಕು.

ಕೆಟ್ಟ ಜಂಪ್ ಸ್ಟಾರ್ಟರಿಗೂ ಸದರಿ ನಿಯಮಗಳೇ ಅನ್ವಯವಾಗುತ್ತವೆ. ಇದರ ಮೇಲೆ ಕಸದ ಡಬ್ಬಿಗೆ ಅಡ್ಡಗೆರೆ ಹೊಡೆದ ಚಿಹ್ನೆ ಇರುತ್ತದೆ. ಕ್ಲಿಪ್ಪುಗಳನ್ನು ಬೇರ್ಪಡಿಸಿ, ಸಾಧನವನ್ನು ಒಣ ಮರಳು ತುಂಬಿದ ತಗಡಿನ ಡಬ್ಬಿಯಲ್ಲಿಟ್ಟು, ಮಾರಾಟಗಾರರಿಗೆ ಅಥವಾ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸುವುದು. ಪುರಸಭೆ ಅಥವಾ ಗ್ರಾಮ ಪಂಚಾಯಿತಿಯ ಕಸದ ಗಾಡಿಗೆ ಹಾಕಿದಲ್ಲಿ ಗಾಡಿಯೊಳಗೆ ಜಜ್ಜಿಹೋಗಿ ಬೆಂಕಿ ಹೊತ್ತಿಕೊಳ್ಳುವ ಸಂಭವವಿರುವುದರಿಂದ, ಹಾಗೆ ಮಾಡದಿರಲು ಸಾರ್ವಜನಿಕರಲ್ಲಿ ಕೋರಲಾಗಿದೆ.